ಮನೆಗಳ್ಳರು ಮೊದಲೋ, ಕಾಗದ ಇಲ್ಲದವರು ಮೊದಲೋ?

ಮರಳುಗಾಡಿನ ಮಂಡ್ಯದವ
ಎಲ್ಲರಿಗೂ ನಮಸ್ಕಾರ. ನಾವಿರುವುದು ಅರಿಜೋನಾದಲ್ಲಿ, ಫೀನಿಕ್ಸ್ ಸುತ್ತಮುತ್ತಲ ಒಂದು ಊರಲ್ಲಿ. ಊರಿನ ಹೆಸರು ಬೇಡ ಬಿಡಿ.

ಮೊನ್ನೆ ಎಲ್ಲರೂ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದಾಗ ಪಕ್ಕದ ಬೀದಿಯ ಕನ್ನಡದವರ ಮನೆಗೆ ಕಳ್ಳರು ನುಗ್ಗಿದ್ದಾರೆ. ಹಿತ್ತಲ ಗಾಜಿನ ಬಾಗಿಲು ಒಡೆದು ಒಳಗೆ ಬಂದಿದ್ದಾರೆ. ಟಿವಿ ಮುಟ್ಟಿಲ್ಲ, ಲ್ಯಾಪ್‌ಟಾಪ್ ಮುಟ್ಟಿಲ್ಲ. ನೇರ ಬೆಡ್‌ರೂಮಿಗೆ ಹೋಗಿ ಚಿನ್ನ ಮಾತ್ರ ತೆಗೆದಿದ್ದಾರೆ. ದೇವರ ಮನೆಯ ಡ್ರಾಯರ್ ಎಳೆದು ಹಾಕಿದ್ದಾರೆ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬ ಬೋರಲು ಹಾಕಿ, ಸೋನಾ ಮಸೂರಿ ನೆಲದ ತುಂಬಾ ಹರಡಿ ನೋಡಿದ್ದಾರೆ! ನಮ್ಮವರು ಎಲ್ಲಿ ಬಚ್ಚಿಡುತ್ತಾರೆ ಅಂತ ಚೆನ್ನಾಗಿ ಗೊತ್ತಿದ್ದವರದೇ ಕೆಲಸ.

ಪೊಲೀಸ್ ಒಬ್ಬರು ಬಂದರು. ಒಳ್ಳೆಯವರೇ. ಫೋಟೋ ತೆಗೆದು, ರಿಪೋರ್ಟ್ ನಂಬರ್ ಬರೆದ ಚೀಟಿ ಕೊಟ್ಟು, ಇನ್ಶೂರೆನ್ಸ್‌ನವರಿಗೆ ಇದನ್ನು ಕೊಡಿ ಎಂದು ಹೇಳಿ ಹೋದರು. ಬೆರಳಚ್ಚು ತೆಗೆಯಲಿಲ್ಲ. ಡಿಟೆಕ್ಟಿವ್ ಫೋನ್ ಮಾಡುತ್ತಾರೆ ಅಂದಿದ್ದರು, ಇವತ್ತಿನವರೆಗೂ ಪತ್ತೆ ಇಲ್ಲ.

ಅದೇ ವಾರ ನಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯ ಪಾರ್ಕಿಂಗ್‌ನಲ್ಲಿ ಕೂಲಿಗೆ ನಿಂತಿದ್ದ, ಈ ದೇಶದಲ್ಲಿರಲು ಕಾಗದ ಇಲ್ಲದವರನ್ನು ಹಿಡಿಯಲು ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಏಜೆಂಟರು ಸಾಲು ಸಾಲು ಗಾಡಿಗಳಲ್ಲಿ ಬಂದಿದ್ದರು. ನಾನೇ ನೋಡಿದೆ. ನನ್ನ ಪ್ರಶ್ನೆ ಇಷ್ಟೇ: ಒಂದು ಸರ್ಕಾರಕ್ಕೆ ಯಾವುದು ಮೊದಲಾಗಬೇಕು? ರಾಜಕೀಯ ಬೇಡ ಅಂತ ಹೇಳಲ್ಲ. ಬೈಗುಳ ಬೇಡ.

ಎಡಿಸನ್ ಅಕ್ಕ
ಅಯ್ಯೋ, ಅಕ್ಕಿ ಡಬ್ಬ! ನ್ಯೂಜೆರ್ಸಿಯಲ್ಲೂ ಇದೇ ಕಥೆ. ದೀಪಾವಳಿ ಬಂತೆಂದರೆ ಇಲ್ಲಿ ಊರಿಗೆ ಊರೇ ಎಚ್ಚರ. ಮದುವೆಗೆ ಹೊರಟ ಫೋಟೋವನ್ನು ಮದುವೆ ಮುಗಿಯುವ ಮುಂಚೆ ಹಾಕಬೇಡಿ ಅಂತ ಎಷ್ಟು ಹೇಳಿದರೂ ನಮ್ಮವರು ಕೇಳುವುದಿಲ್ಲ.

ಬೇ ಏರಿಯಾ ಭಟ್ರು
ಮಂಡ್ಯದವರೇ, ಎರಡು ಬೇರೆ ಬೇರೆ ವಿಷಯಗಳನ್ನು ಕಲಸಿದ್ದೀರಿ. ಮನೆಗಳ್ಳತನ ನೋಡಬೇಕಾದದ್ದು ನಿಮ್ಮ ಊರಿನ ಪೊಲೀಸ್. ಅವರಿಗೆ ಸಂಬಳ ಕೊಡುವುದು ನಗರಸಭೆ. ಪಾರ್ಕಿಂಗ್‌ನಲ್ಲಿ ಬಂದದ್ದು ಐಸ್, ಅಂದರೆ ಕೇಂದ್ರದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಕೈಕೆಳಗಿನ ಸಂಸ್ಥೆ. 2003ರಲ್ಲಿ ಹುಟ್ಟಿದ್ದು. ಐಸ್ ಏಜೆಂಟ್ ಆ ದಿನ ಮನೆಯಲ್ಲೇ ಮಲಗಿದ್ದರೂ ನಿಮ್ಮ ಪಕ್ಕದ ಬೀದಿಯವರ ಎರಡೆಳೆ ಸರ ವಾಪಸ್ ಬರುತ್ತಿರಲಿಲ್ಲ.

ಮರಳುಗಾಡಿನ ಮಂಡ್ಯದವ
ಭಟ್ರೇ, ಅಷ್ಟು ಗೊತ್ತಿದೆ. ಆದರೆ ಇಂಥ ಕಳ್ಳರು ಒಂದೇ ಊರಿನವರಲ್ಲ. ಇವತ್ತು ಇಲ್ಲಿ, ನಾಳೆ ಟೆಕ್ಸಾಸ್‌ನಲ್ಲಿ. ಅದಕ್ಕೆ ಎಫ್‌ಬಿಐ ಬೇಕಲ್ವಾ? ಅವರನ್ನೂ ಈಗ ವೀಸಾ ಕೆಲಸಕ್ಕೆ ಹಾಕಿದ್ದಾರಂತೆ.

ಬೇ ಏರಿಯಾ ಭಟ್ರು
ಈಗ ಸರಿಯಾದ ಜಾಗಕ್ಕೆ ಬಂದಿರಿ. 2025ರ ಜನವರಿಯಲ್ಲೇ ನ್ಯಾಯ ಇಲಾಖೆ ಎಫ್‌ಬಿಐ, ಡ್ರಗ್ಸ್ ನೋಡುವ ಡಿಇಎ, ಬಂದೂಕು ನೋಡುವ ಎಟಿಎಫ್, ಮಾರ್ಷಲ್ಸ್ ಎಲ್ಲರಿಗೂ ವಲಸೆ ಕೆಲಸಕ್ಕೆ ಕೈ ಜೋಡಿಸಲು ಹೇಳಿತು. ಆ ವರ್ಷ ಅಕ್ಟೋಬರ್‌ನಲ್ಲಿ ಸೆನೆಟರ್ ಮಾರ್ಕ್ ವಾರ್ನರ್ ಹೊರಗೆ ಹಾಕಿದ ಅಂಕಿಗಳ ಪ್ರಕಾರ ಎಫ್‌ಬಿಐ ಏಜೆಂಟರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ವಲಸೆ ಕೆಲಸದಲ್ಲಿದ್ದರು. ದೊಡ್ಡ ಕಚೇರಿಗಳಲ್ಲಿ ಇನ್ನೂ ಜಾಸ್ತಿ, ನೂರಕ್ಕೆ 40ರ ಹತ್ತಿರ.

ನೀವು ಹೇಳಿದ ತರಹದ ಗುಂಪು ಒಂದಿತ್ತು. 2011ರಿಂದ 2014ರವರೆಗೆ ಜಾರ್ಜಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಒಹಾಯೋ, ಮಿಷಿಗನ್, ಟೆಕ್ಸಾಸ್ ಎಲ್ಲ ಕಡೆ ಭಾರತೀಯರ, ಏಷ್ಯಾದವರ ಮನೆಗಳನ್ನೇ ಆರಿಸಿ ನುಗ್ಗಿದರು. ಮನೆಯವರನ್ನು ಕಟ್ಟಿ ಹಾಕಿ, ಹೆದರಿಸಿ, ಚಿನ್ನ ಒಯ್ದರು. ಆ ಗುಂಪು ನಡೆಸುತ್ತಿದ್ದ ಹೆಂಗಸಿಗೆ 2019ರಲ್ಲಿ 37 ವರ್ಷ ಜೈಲಾಯಿತು. ಒಂದು ಊರಿನ ಪೊಲೀಸ್ ಅದನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ರಾಜ್ಯ ರಾಜ್ಯಗಳ ರಿಪೋರ್ಟ್ ಒಟ್ಟಿಗೆ ಇಟ್ಟು ನೋಡುವವರು ಬೇಕು. ಅಂಥವರನ್ನು ತೆಗೆದು ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿದರೆ ಆ ಫೈಲನ್ನು ಯಾರು ನೋಡುತ್ತಾರೆ?

ಡಲ್ಲಾಸ್ ದೊಡ್ಡಪ್ಪ
ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2025ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ಡಲ್ಲಾಸ್‌ನಲ್ಲಿ ನಮ್ಮ ಕರ್ನಾಟಕ ಮೂಲದ ಮೋಟೆಲ್ ಮ್ಯಾನೇಜರ್ ಒಬ್ಬರನ್ನು ಕೊಂದದ್ದು ಎಲ್ಲರಿಗೂ ನೆನಪಿದೆಯಲ್ಲ? ಕೆಟ್ಟುಹೋದ ವಾಷಿಂಗ್ ಮಷೀನ್ ಬಳಸಬೇಡ ಅಂದದ್ದಕ್ಕೆ ಶುರುವಾದ ಜಗಳ. ಹೆಂಡತಿ, ಮಗನ ಕಣ್ಣೆದುರೇ ಮುಗಿಸಿದ. ಆರೋಪಿ ಕ್ಯೂಬಾದವನು, ಹಳೆಯ ಕೇಸುಗಳಿದ್ದವನು, ಈ ದೇಶದಲ್ಲಿ ಇರಬಾರದಿದ್ದವನು. ಅವನನ್ನು ಮೊದಲೇ ಹೊರಗೆ ಹಾಕಿದ್ದರೆ ಆ ಮನುಷ್ಯ ಇವತ್ತು ಇರುತ್ತಿದ್ದರು. ಹಾಗಾಗಿ ವಲಸೆ ಬೇರೆ, ಅಪರಾಧ ಬೇರೆ ಅಂತ ಗೆರೆ ಎಳೆಯಬೇಡಿ.

ಇನ್ನೊಂದು. ನಾನು ಎಚ್1ಬಿ ಕೆಲಸದ ವೀಸಾದಲ್ಲಿ ಬಂದು, ಗ್ರೀನ್ ಕಾರ್ಡಿಗೆ ಕ್ಯೂ ನಿಂತು ನಿಂತು ಕೂದಲು ಹಣ್ಣಾಯಿತು. ಅಪ್ಪನ ಕೊನೆಗಾಲಕ್ಕೆ ಊರಿಗೆ ಹೋಗಲು ವೀಸಾ ಸ್ಟ್ಯಾಂಪಿಂಗ್ ಭಯ. ಬೇಲಿ ಹಾರಿ ಬಂದವರಿಗೆ ಮಾತ್ರ ಎಲ್ಲರೂ ಅಯ್ಯೋ ಅನ್ನುತ್ತಾರೆ.

ಕರಾವಳಿ ಕೂಸು
ದೊಡ್ಡಪ್ಪ, ಆ ಕೇಸ್ ಓದಿ ನನಗೂ ನಿದ್ದೆ ಬರಲಿಲ್ಲ ಮಾರಾಯ್ರೆ. ಆದರೆ ಒಂದು ವಿಷಯ ನೋಡಿ. ಅವನು ಐಸ್ ಕೈಗೆ ಸಿಗದೆ ತಪ್ಪಿಸಿಕೊಂಡವನಲ್ಲ. ಐಸ್ ಕೈಯಲ್ಲೇ ಇದ್ದ! 2025ರ ಜನವರಿಯಲ್ಲಿ, ಹಿಂದಿನ ಸರ್ಕಾರದ ಕೊನೆಯ ದಿನಗಳಲ್ಲಿ, ಬಿಟ್ಟು ಕಳಿಸಿದರು. ಯಾಕೆ? ಅವನ ಅಪರಾಧ ಇತಿಹಾಸ ನೋಡಿ ಕ್ಯೂಬಾ ವಾಪಸ್ ತೆಗೆದುಕೊಳ್ಳಲಿಲ್ಲ. ಸ್ವಂತ ದೇಶ ತೆಗೆದುಕೊಳ್ಳದಿದ್ದರೆ ಗಡೀಪಾರು ಆದೇಶ ಇದ್ದವರನ್ನೂ ಸುಮಾರು ಆರು ತಿಂಗಳು ದಾಟಿದ ಮೇಲೆ ಸುಮ್ನೆ ಒಳಗಿಟ್ಟುಕೊಳ್ಳುವುದು ಕಷ್ಟ. 2001ರ ಜಾಡ್‌ವಿಡಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಪಾರ್ಕಿಂಗ್ ಲಾಟಿನಲ್ಲಿ ಸಾವಿರ ಜನ ಪೇಂಟರ್, ಗಾರೆಯವರನ್ನು ಹಿಡಿದರೂ ಆ ಒಬ್ಬನ ಸಮಸ್ಯೆ ಹಾಗೇ ಇರುತ್ತದೆ.

ಡಲ್ಲಾಸ್ ದೊಡ್ಡಪ್ಪ
ಅದಕ್ಕೇ ಈಗ ಬೇರೆ ದೇಶಕ್ಕೆ ಕಳಿಸುತ್ತಿದ್ದಾರೆ. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಸದ್ಯಕ್ಕೆ ದಾರಿ ಬಿಟ್ಟುಕೊಟ್ಟಿದೆ. ನನಗೆ ಅದು ಸರಿ ಅನ್ನಿಸುತ್ತದೆ. ಕೂಲಿಯವರ ಮೇಲೆ ನನಗೇನೂ ದ್ವೇಷ ಇಲ್ಲ. ಕೊಲೆಗಡುಕರ ಮೇಲೆ ಇದೆ.

ಕರಾವಳಿ ಕೂಸು
ಹಾಗಾದರೆ ನಾವಿಬ್ಬರೂ ಒಂದೇ ಪಕ್ಷ. ಸುಮ್ನೆ ಜಗಳ.

ಹುಬ್ಬಳ್ಳಿ ಹೈದ
ದುಡ್ಡಿನ ಲೆಕ್ಕ ನೋಡ್ರಿ, ಯಾವುದು ಮೊದಲು ಅಂತ ತಾನಾಗೇ ಗೊತ್ತಾಗುತ್ತದೆ. 2025ರ ಜುಲೈ 4ಕ್ಕೆ ಸಹಿ ಬಿದ್ದ ದೊಡ್ಡ ಬಿಲ್‌ನಲ್ಲಿ ಗಡಿ ಮತ್ತು ವಲಸೆ ಕೆಲಸಕ್ಕೆ ಒಟ್ಟು ಸುಮಾರು 17,000 ಕೋಟಿ ಡಾಲರ್. ಅದರಲ್ಲಿ ಐಸ್ ಒಂದಕ್ಕೇ ಸುಮಾರು 7,500 ಕೋಟಿ. ಅದರೊಳಗೆ 4,500 ಕೋಟಿ ಬರೀ ಜನರನ್ನು ಕೂಡಿ ಹಾಕುವ ಜಾಗಗಳಿಗೆ. ಇಡೀ ಎಫ್‌ಬಿಐನ ಒಂದು ವರ್ಷದ ಬಜೆಟ್ 1,100 ಕೋಟಿ ಆಸುಪಾಸು. ಅದೇ ವರ್ಷ ಏಪ್ರಿಲ್‌ನಲ್ಲಿ ಗುಂಡಿನ ಕಾಳಗ ತಡೆಯುವ ಸಂಘಗಳು, ಅಪರಾಧದಿಂದ ನೊಂದವರಿಗೆ ನೆರವು ಕೊಡುವವರು ಇಂಥವರಿಗೆಲ್ಲ ನ್ಯಾಯ ಇಲಾಖೆ ಕೊಡುತ್ತಿದ್ದ ಸುಮಾರು 80 ಕೋಟಿ ಡಾಲರ್ ಅನುದಾನ ನಿಲ್ಲಿಸಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಎಡಿಸನ್ ಅಕ್ಕ
7,500 ಕೋಟಿ ಒಂದು ವರ್ಷಕ್ಕಾ?

ಹುಬ್ಬಳ್ಳಿ ಹೈದ
ಅಲ್ರಿ ಅಕ್ಕಾರ, ನಾಲ್ಕು ವರ್ಷದಲ್ಲಿ ಹಂಚಿ ಖರ್ಚು ಮಾಡುವುದು. ಮಾಮೂಲಿ ಬಜೆಟ್ ಬೇರೆ ಇದ್ದೇ ಇದೆ.

ಫೀನಿಕ್ಸ್ ಹಳಬ
ಮಂಡ್ಯದವರು ಈ ಊರಿಗೆ ಹೊಸಬರು ಅಂತ ಕಾಣುತ್ತದೆ. ಈ ಪ್ರಶ್ನೆಯನ್ನು ಫೀನಿಕ್ಸ್ ಇರುವ ನಮ್ಮ ಮಾರಿಕೋಪಾ ಕೌಂಟಿ, ಅಂದರೆ ಜಿಲ್ಲೆ, ಯಾವಾಗಲೋ ಮೈಮೇಲೆ ಎಳೆದುಕೊಂಡು ಉತ್ತರ ಕಂಡಿದೆ. ನಾನು ಆಗ ಇಲ್ಲೇ ಇದ್ದೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ.

ಇಲ್ಲಿ ಶೆರಿಫ್, ಅಂದರೆ ಜನ ವೋಟು ಹಾಕಿ ಆರಿಸುವ ಕೌಂಟಿ ಪೊಲೀಸ್ ಮುಖ್ಯಸ್ಥ, ಆಗಿದ್ದವನು ಜೋ ಅರ್ಪಾಯೊ. 1993ರಿಂದ 2016ರ ಕೊನೆಯವರೆಗೆ. ಕೈದಿಗಳಿಗೆ ಗುಲಾಬಿ ಚಡ್ಡಿ ಹಾಕಿಸಿ, 110 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಟೆಂಟ್‌ನಲ್ಲಿ ಮಲಗಿಸಿ ಟಿವಿಯವರನ್ನು ಕರೆಯುತ್ತಿದ್ದ ಆಸಾಮಿ. ಶುರುವಿನಲ್ಲಿ ಅವನಿಗೆ ವಲಸೆಯ ಗೊಡವೆ ಅಷ್ಟಾಗಿ ಇರಲಿಲ್ಲ. 2005ರಲ್ಲಿ ರಾಜ್ಯ ಮಾನವ ಸಾಗಣೆ ವಿರುದ್ಧ ಕಾನೂನು ಮಾಡಿತು. ಸಾಗಿಸುವ ದಲ್ಲಾಳಿಗಳನ್ನು ಹಿಡಿಯಲು ಮಾಡಿದ ಕಾನೂನು. ಇಲ್ಲಿಯ ಕೌಂಟಿ ಅಟಾರ್ನಿ, ಅಂದರೆ ಸರ್ಕಾರಿ ವಕೀಲರು, ಅದನ್ನು ತಿರುಗಿಸಿ, ದುಡ್ಡು ಕೊಟ್ಟು ಬಂದವನೂ ತನ್ನನ್ನು ತಾನೇ ಸಾಗಿಸಲು ಸಂಚು ಮಾಡಿದ ಅಂತ ಕೇಸು ಹಾಕಬಹುದು ಎಂದರು! 2007ರಲ್ಲಿ ಕೇಂದ್ರದ ಜೊತೆ 287(ಜಿ) ಒಪ್ಪಂದವೂ ಆಯಿತು. ಊರಿನ ಪೊಲೀಸರಿಗೆ ವಲಸೆ ಅಧಿಕಾರ ಕೊಡುವ ಒಪ್ಪಂದ ಅದು. 1996ರ ಕಾನೂನಿನಲ್ಲಿ ಬಂದದ್ದು.

ಆಮೇಲೆ ಶುರುವಾಯಿತು ನೋಡಿ. ಬ್ರೇಕ್ ಲೈಟ್ ಕೆಟ್ಟಿದೆ, ಇಂಡಿಕೇಟರ್ ಹಾಕಿಲ್ಲ ಅಂತ ಗಾಡಿ ನಿಲ್ಲಿಸಿ ಕಾಗದ ಕೇಳುವುದು. ಈಸ್ಟ್ ವ್ಯಾಲಿ ಟ್ರಿಬ್ಯೂನ್ ಅಂತ ಒಂದು ಸಣ್ಣ ಪತ್ರಿಕೆ. ಅದರ ಇಬ್ಬರು ವರದಿಗಾರರು ಶೆರಿಫ್ ಕಚೇರಿಯ ದಾಖಲೆಗಳನ್ನೇ ತೆಗೆಸಿ ಕೂತು ಓದಿದರು. 2008ರಲ್ಲಿ ಐದು ಕಂತು ಬಂತು. ವಲಸೆ ತಂಡದ ಓವರ್‌ಟೈಮ್‌ನಿಂದ 2007ರಲ್ಲಿ ಮೂರೇ ತಿಂಗಳಲ್ಲಿ 13 ಲಕ್ಷ ಡಾಲರ್ ಖೋತಾ. ತುರ್ತು ಕರೆಗಳಿಗೆ ಗಾಡಿ ಹೋಗುವುದು ತಡ. ಹಿಂಸೆಯ ಕೇಸುಗಳ ತನಿಖೆ ಹಿಂದೆ ಬಿದ್ದಿದೆ. ಬೇರೆ ವಿಭಾಗದಿಂದ ಪೊಲೀಸರನ್ನು ಕಿತ್ತು ಈ ಕೆಲಸಕ್ಕೆ ಹಾಕಿದ್ದಾರೆ. ಹಿಡಿದವರಲ್ಲಿ ಬಹುಪಾಲು ದಲ್ಲಾಳಿಗಳಲ್ಲ, ಸೀಟಿನಲ್ಲಿ ಕೂತು ಬಂದವರು. ಆ ವರದಿಗೆ 2009ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಇದಕ್ಕಿಂತ ಕೆಟ್ಟದ್ದು ಇದೇ ಕೌಂಟಿಯ ಎಲ್ ಮಿರಾಜ್ ಊರಿನದು. ಅಲ್ಲಿ ಕೆಲವು ವರ್ಷ ಪೊಲೀಸ್ ಕೆಲಸವನ್ನು ಶೆರಿಫ್ ಕಚೇರಿಗೇ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆ ಮುಗಿದ ಮೇಲೆ ಊರಿನವರು ಹಳೆಯ ಫೈಲ್ ತೆಗೆದು ನೋಡಿದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳೇ ಮೂವತ್ತಕ್ಕೂ ಜಾಸ್ತಿ ಹಾಗೇ ಬಿದ್ದಿವೆ. ಹೆಚ್ಚಿನ ಕೇಸುಗಳಲ್ಲಿ ಯಾರು ಮಾಡಿದ್ದು ಅಂತಲೂ ಬರೆದಿತ್ತು! ಕೌಂಟಿಯಲ್ಲಿ ಒಟ್ಟು ಇಂಥ 400ಕ್ಕೂ ಮಿಕ್ಕಿದ ಲೈಂಗಿಕ ಅಪರಾಧದ ಕೇಸುಗಳನ್ನು ಸರಿಯಾಗಿ ತನಿಖೆ ಮಾಡಿರಲಿಲ್ಲ. 2011ರ ಕೊನೆಗೆ ಅರ್ಪಾಯೊ ಕ್ಷಮೆ ಕೇಳಿದ. ಆ ಮಕ್ಕಳಲ್ಲಿ ಬಹಳಷ್ಟು ಜನ ಕಾಗದ ಇಲ್ಲದವರ ಮನೆಯ ಮಕ್ಕಳು. ಅಪ್ಪ ಅಮ್ಮ ಇನ್ನೊಂದು ಸಲ ಸ್ಟೇಷನ್‌ಗೆ ಹೋಗಿ ಏನಾಯಿತು ಅಂತ ಕೇಳುವ ಧೈರ್ಯ ಎಲ್ಲಿಂದ ತರುತ್ತಾರೆ?

ಎಡಿಸನ್ ಅಕ್ಕ
ಹೊಟ್ಟೆ ತೊಳಸಿತು ಓದಿ.

ಡಲ್ಲಾಸ್ ದೊಡ್ಡಪ್ಪ
ಹಳಬರೇ, ಇದೆಲ್ಲ ಸರಿ. ಆದರೆ ಪತ್ರಿಕೆ ಬರೆದದ್ದು 2008ರಲ್ಲಿ, ಮಕ್ಕಳ ಕೇಸು ಹೊರಗೆ ಬಂದದ್ದು 2011ರಲ್ಲಿ. 2012ರಲ್ಲಿ ಜನ ಅವನಿಗೆ ಮತ್ತೆ ವೋಟು ಹಾಕಿದರಲ್ಲ? ಜನಕ್ಕೆ ಬೇಕಾದದ್ದನ್ನು ಅವನು ಮಾಡಿದ. ಪ್ರಜಾಪ್ರಭುತ್ವ ಅಂದರೆ ಅದೇ ಅಲ್ವಾ? ಜೊತೆಗೆ ಆ ಕೇಸುಗಳು ಬಿದ್ದಿದ್ದಕ್ಕೆ ವಲಸೆಯೇ ಕಾರಣ ಅಂತ ಹೇಗೆ ಹೇಳುತ್ತೀರಿ? ಸೋಮಾರಿ ಕಚೇರಿ ಯಾವ ಕೆಲಸ ಕೊಟ್ಟರೂ ಸೋಮಾರಿಯೇ.

ಫೀನಿಕ್ಸ್ ಹಳಬ
ಎರಡನೆಯ ಮಾತಿನಲ್ಲಿ ಹುರುಳಿದೆ. ಕಚೇರಿ ಮೊದಲೇ ಕೆಟ್ಟಿತ್ತು. ಆದರೆ ಕೆಟ್ಟ ಕಚೇರಿಗೆ ಟಿವಿಯಲ್ಲಿ ಬರುವ ಕೆಲಸವೊಂದು ಸಿಕ್ಕರೆ, ಟಿವಿಯಲ್ಲಿ ಬಾರದ ಕೆಲಸ ಮೊದಲು ಸಾಯುತ್ತದೆ. ಮಗುವಿನ ಹೇಳಿಕೆ ತೆಗೆದುಕೊಂಡು ಫೈಲ್ ಕಟ್ಟುವುದನ್ನು ಯಾವ ಚಾನೆಲ್ ತೋರಿಸುತ್ತದೆ ಹೇಳಿ.

ಮೊದಲನೆಯ ಮಾತಿಗೆ: 2016ರ ನವೆಂಬರ್‌ನಲ್ಲಿ ಇದೇ ಮಾರಿಕೋಪಾ ಕೌಂಟಿಯಲ್ಲಿ ಟ್ರಂಪ್ ಗೆದ್ದರು, ಅದೇ ಬ್ಯಾಲೆಟ್‌ನಲ್ಲಿ ಅರ್ಪಾಯೊ ಸೋತ. ಟ್ರಂಪ್‌ಗೆ ವೋಟು ಹಾಕಿದವರೇ ಎಷ್ಟೋ ಜನ ಇವನನ್ನು ಬೇಡ ಅಂದರು. ಬರೀ ವಲಸೆಯ ಅನುಮಾನದ ಮೇಲೆ ಜನರನ್ನು ಹಿಡಿದಿಡಬೇಡ ಅಂತ ಒಂದು ಮೊಕದ್ದಮೆಯಲ್ಲಿ ಕೊಟ್ಟ ಕೋರ್ಟ್ ಆದೇಶ ಮುರಿದದ್ದಕ್ಕೆ 2017ರ ಜುಲೈನಲ್ಲಿ ತಪ್ಪಿತಸ್ಥ ಅಂತ ತೀರ್ಪಾಯಿತು, ಆಗಸ್ಟ್‌ನಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು. ಆ ಹಳೆಯ ಮೊಕದ್ದಮೆಯ ಉಸ್ತುವಾರಿಗೆ ತೆರಿಗೆ ಕಟ್ಟುವವರು ಇನ್ನೂ ಕೋಟಿಗಟ್ಟಲೆ ಡಾಲರ್ ತೆರುತ್ತಿದ್ದೇವೆ.

ಆ ಮೊಕದ್ದಮೆ ಹಾಕಿದ್ದು ಯಾರು ಗೊತ್ತಾ? ಸರಿಯಾದ ವೀಸಾ ಇದ್ದ ಒಬ್ಬ ಮೆಕ್ಸಿಕೋ ಪ್ರವಾಸಿ. ಗಾಡಿ ಓಡಿಸುತ್ತಲೂ ಇರಲಿಲ್ಲ, ಪಕ್ಕದಲ್ಲಿ ಕೂತಿದ್ದ. ಗಂಟೆಗಟ್ಟಲೆ ಕೂಡಿ ಹಾಕಿದರು. ಕಾಗದ ಸರಿ ಇದ್ದರೆ ಭಯ ಯಾಕೆ ಅನ್ನುವ ನಮ್ಮವರು ಇದನ್ನೊಮ್ಮೆ ಓದಬೇಕು. ಮೈಬಣ್ಣ ನಮ್ಮದೂ ಅದೇ.

ಕರಾವಳಿ ಕೂಸು
ಈಗಿನ ಶೆರಿಫ್ ಯಾರು ಅಲ್ಲಿ?

ಫೀನಿಕ್ಸ್ ಹಳಬ
ಜೆರ್ರಿ ಶೆರಿಡನ್. 2024ರಲ್ಲಿ ಗೆದ್ದರು. ಅರ್ಪಾಯೊ ಕಾಲದಲ್ಲಿ ಅವನ ಕೈಕೆಳಗೆ ಎರಡನೇ ಸ್ಥಾನದಲ್ಲಿದ್ದವರು.

ಕರಾವಳಿ ಕೂಸು
ಶಿವನೇ.

ಶಿವಮೊಗ್ಗ ಸ್ಟ್ಯಾಟ್ಸ್
ತಡವಾಗಿ ಬಂದೆ. ಎಲ್ಲರೂ ಒಂದು ಪ್ರಶ್ನೆ ಬಿಟ್ಟೇ ಮಾತಾಡುತ್ತಿದ್ದೀರಿ: ಕಾಗದ ಇಲ್ಲದವರು ಅಪರಾಧ ಜಾಸ್ತಿ ಮಾಡುತ್ತಾರೋ ಇಲ್ಲವೋ ಅಂತ. ಟೆಕ್ಸಾಸ್ ರಾಜ್ಯದ ಬಂಧನದ ದಾಖಲೆಗಳಲ್ಲಿ ವಲಸೆ ಸ್ಥಿತಿಯೂ ಇರುತ್ತದೆ. 2012ರಿಂದ 2018ರವರೆಗಿನದನ್ನು ಇಟ್ಟು ನೋಡಿದ ಅಧ್ಯಯನ 2020ರಲ್ಲಿ ಬಂತು. ಹಿಂಸೆ ಮತ್ತು ಡ್ರಗ್ಸ್ ಕೇಸುಗಳಲ್ಲಿ ಕಾಗದ ಇಲ್ಲದವರ ಬಂಧನದ ಪ್ರಮಾಣ ಇಲ್ಲೇ ಹುಟ್ಟಿದವರ ಅರ್ಧಕ್ಕಿಂತ ಕಡಿಮೆ. ಟೆಕ್ಸಾಸ್! ಕ್ಯಾಲಿಫೋರ್ನಿಯಾ ಅಲ್ಲ.

ಇನ್ನೊಂದು, ಮಂಡ್ಯದವರ ಸಿಟ್ಟಿಗೆ ಉತ್ತರ. ಈ ದೇಶದಲ್ಲಿ ಮನೆಗಳ್ಳತನ ಪತ್ತೆ ಆಗುವುದು ನೂರಕ್ಕೆ 15ರ ಆಸುಪಾಸು. ಕಾರು ಕಳವು ಹತ್ತರಲ್ಲಿ ಒಂದೂ ಇಲ್ಲ. ಇದು ಇವತ್ತಿನ ಸರ್ಕಾರದ ಕಥೆಯಲ್ಲ, ಬಹಳ ವರ್ಷದಿಂದ ಹೀಗೇ. ಜೊತೆಗೆ ಅಪರಾಧ ಇಳಿಯುತ್ತಲೂ ಇದೆ. ಎಫ್‌ಬಿಐ ಲೆಕ್ಕದಲ್ಲಿ 2024ರಲ್ಲಿ ಕೊಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು 15% ಕಡಿಮೆ.

ಡಲ್ಲಾಸ್ ದೊಡ್ಡಪ್ಪ
ಬಂಧನ ಕಡಿಮೆ ಅಂದರೆ ಅಪರಾಧ ಕಡಿಮೆ ಅಂತಲೇ ಅರ್ಥವಾ? ಅವರ ನಡುವೆಯೇ ನಡೆದದ್ದನ್ನು ಅವರು ದೂರೇ ಕೊಡುವುದಿಲ್ಲ.

ಶಿವಮೊಗ್ಗ ಸ್ಟ್ಯಾಟ್ಸ್
ಒಳ್ಳೆಯ ಪ್ರಶ್ನೆ. ಆ ಕೊರತೆ ಆ ಲೆಕ್ಕದಲ್ಲಿ ಇದೆ. ಆದರೆ ಕೊಲೆಯನ್ನು ಮುಚ್ಚಿಡುವುದು ಕಷ್ಟ, ಹೆಣ ಸಿಗುತ್ತದೆ. ಅಲ್ಲೂ ಅವರ ಪ್ರಮಾಣ ಕಡಿಮೆಯೇ. ಅಷ್ಟಕ್ಕೂ ದೂರು ಕೊಡದಿರಲು ಕಾರಣ ಏನು ದೊಡ್ಡಪ್ಪ? ಹಳಬರು ಮೇಲೆ ಬರೆದದ್ದೇ ತಾನೇ?

ಬೇ ಏರಿಯಾ ಭಟ್ರು
ಒಂದು ಹಳೆಯ ಸುತ್ತೋಲೆ ನೆನಪಿಸುತ್ತೇನೆ. 2011ರಲ್ಲಿ ಐಸ್ ಮುಖ್ಯಸ್ಥರಾಗಿದ್ದ ಜಾನ್ ಮಾರ್ಟನ್ ಬರೆದದ್ದು. ವರ್ಷಕ್ಕೆ ಸುಮಾರು 4 ಲಕ್ಷ ಜನರನ್ನು ಹೊರಹಾಕುವಷ್ಟೇ ನಮಗೆ ಶಕ್ತಿ ಇದೆ, ಅದು ದೇಶದಲ್ಲಿರುವ ಕಾಗದ ಇಲ್ಲದವರಲ್ಲಿ 4%ಗೂ ಕಡಿಮೆ, ಹಾಗಾಗಿ ಯಾರನ್ನು ಮೊದಲು ಅನ್ನುವುದನ್ನು ಆರಿಸಲೇಬೇಕು ಅಂತ. ಒಬಾಮಾ ಕಾಲದಲ್ಲೇ, 2012ರ ಹಣಕಾಸು ವರ್ಷದಲ್ಲಿ, 4 ಲಕ್ಷ ದಾಟಿ ಕಳಿಸಿದ್ದರು. ಅವರೇನೂ ಸಾಧು ಅಲ್ಲ. ಆದರೆ ಪಟ್ಟಿ ಇತ್ತು: ಅಪರಾಧ ಮಾಡಿದವರು ಮೊದಲು, ಹೊಸದಾಗಿ ಗಡಿ ದಾಟಿದವರು ಆಮೇಲೆ.

2025ರಲ್ಲಿ ಬೈಡನ್ ಕಾಲದ ಅಂಥದ್ದೇ ಪಟ್ಟಿಯನ್ನೂ ತೆಗೆದರು. ಮೇ ತಿಂಗಳಲ್ಲಿ ಟ್ರಂಪ್ ಸಲಹೆಗಾರ ಸ್ಟೀಫನ್ ಮಿಲ್ಲರ್ ದಿನಕ್ಕೆ ಕನಿಷ್ಠ 3,000 ಬಂಧನ ಅಂತ ಗುರಿ ಇಟ್ಟರು. ತಲೆ ಲೆಕ್ಕಕ್ಕೆ ಟಾರ್ಗೆಟ್ ಕೊಟ್ಟ ಮೇಲೆ ಏಜೆಂಟ್ ಏನು ಮಾಡುತ್ತಾನೆ? ಗ್ಯಾಂಗ್‌ನವನೊಬ್ಬನನ್ನು ಹಿಡಿಯಲು ತಿಂಗಳುಗಟ್ಟಲೆ ಹೊಂಚು ಹಾಕಬೇಕು. ಹಾರ್ಡ್‌ವೇರ್ ಅಂಗಡಿ ಮುಂದೆ ನಿಂತವರು ಹತ್ತು ನಿಮಿಷದಲ್ಲಿ ಹತ್ತು ಜನ. ನಮ್ಮೂರ ಟ್ರಾಫಿಕ್ ಪೊಲೀಸರು ತಿಂಗಳ ಕೊನೆಗೆ ಹೆಲ್ಮೆಟ್ ಕೇಸು ಹಾಕಿದ ಹಾಗೆ. 2025ರ ಕೊನೆಗೆ ಐಸ್ ಬಂಧನದಲ್ಲಿದ್ದವರಲ್ಲಿ ನೂರಕ್ಕೆ 70ರಷ್ಟು ಜನಕ್ಕೆ ಯಾವ ಅಪರಾಧದಲ್ಲೂ ಶಿಕ್ಷೆ ಆಗಿರಲಿಲ್ಲ.

ಡಲ್ಲಾಸ್ ದೊಡ್ಡಪ್ಪ
ಅದರಲ್ಲಿ ಕೇಸು ನಡೆಯುತ್ತಿರುವವರೂ ಸೇರಿದ್ದಾರೆ ಭಟ್ರೇ. ಅದನ್ನೂ ಹೇಳಿ.

ಬೇ ಏರಿಯಾ ಭಟ್ರು
ಹೌದು, ಸೇರಿದ್ದಾರೆ. ಅವರನ್ನು ತೆಗೆದರೂ ಉಳಿದವರ ಸಂಖ್ಯೆ ಸಣ್ಣದಲ್ಲ.

ಸಕಲೇಶಪುರದ ಪ್ಲಾಂಟರ್
ಅಮೆರಿಕ ವಿಷಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲೂ ಇದೇ ಆಗಿದೆ. ಕಾಫಿ ಹಣ್ಣು ಕೊಯ್ಯಲು ಅಸ್ಸಾಮಿನವರು ಇಲ್ಲದೆ ತೋಟ ನಡೆಯುವುದಿಲ್ಲ. ಅವರಲ್ಲಿ ಬಾಂಗ್ಲಾದವರು ಇದ್ದಾರೆ ಅಂತ ಗಲಾಟೆ ಎದ್ದಾಗಲೆಲ್ಲ ಸ್ಟೇಷನ್‌ನಿಂದ ಫೋನ್: ಎಲ್ಲರ ಆಧಾರ್ ಜೆರಾಕ್ಸ್ ಕೊಡಿ. ಕೊಡುತ್ತೇವೆ, ಕೊಡುವುದು ನಮ್ಮ ಕರ್ತವ್ಯ. ಆದರೆ ಕಾಫಿಗೆ ರೇಟು ಏರಿದ ಮೇಲೆ ಕಣದಲ್ಲಿ ಒಣಗಲು ಹಾಕಿದ್ದನ್ನು ರಾತ್ರೋರಾತ್ರಿ ಮೂಟೆ ಕಟ್ಟಿಕೊಂಡು ಹೋಗುತ್ತಾರೆ. ಅದಕ್ಕೆ ಬೀಟ್ ಹಾಕಿ ಅಂದರೆ ಜನ ಇಲ್ಲ ಅನ್ನುತ್ತಾರೆ. ಈಗ ನಾವೇ ಸರದಿ ಮೇಲೆ ಟಾರ್ಚ್ ಹಿಡಿದು ಕಾಯುತ್ತೇವೆ. ನಮ್ಮ ಕಣದಲ್ಲಿ ಸಿಕ್ಕಿಬಿದ್ದವನು ಪಕ್ಕದ ಊರಿನವನೇ!

ಜಯನಗರ 4ನೇ ಬ್ಲಾಕ್
ಬೆಂಗಳೂರಿನ ಕರಿಯಮ್ಮನ ಅಗ್ರಹಾರ ಮರೆತಿರಾ? 2020ರ ಜನವರಿ. ಬಾಂಗ್ಲಾದವರು ಅಂತ ಹೇಳಿ ಶೆಡ್ಡುಗಳನ್ನು ಜೆಸಿಬಿ ಹಚ್ಚಿ ಕೆಡವಿದರು. ಅಲ್ಲಿದ್ದವರು ಯಾರು? ಅಸ್ಸಾಂ, ಬಂಗಾಳ, ತ್ರಿಪುರಾ, ಜೊತೆಗೆ ನಮ್ಮ ಉತ್ತರ ಕರ್ನಾಟಕದವರು. ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರು. ಹೈಕೋರ್ಟ್ ಛೀಮಾರಿ ಹಾಕಿತು.

ಹುಬ್ಬಳ್ಳಿ ಹೈದ
ನಮ್ಮ ಕಡೆಯವರ ಶೆಡ್ಡೂ ಹೋಯಿತು ಅದರಲ್ಲಿ. ಕನ್ನಡ ಮಾತಾಡುವ ಬಾಂಗ್ಲಾದವರು!

ಡಲ್ಲಾಸ್ ದೊಡ್ಡಪ್ಪ
ಹಾಗಂತ ಬಾಂಗ್ಲಾದಿಂದ ಯಾರೂ ಬಂದೇ ಇಲ್ಲ ಅಂತಲ್ಲ. ಬಂದಿದ್ದಾರೆ. ಗಡಿ ಕಾಯುವುದು ಸರ್ಕಾರದ ಕೆಲಸ.

ಸಕಲೇಶಪುರದ ಪ್ಲಾಂಟರ್
ಕಾಯಲಿ ಸರ್, ಗಡಿ ಕಾಯಲಿ. ಕಣವನ್ನೂ ಸ್ವಲ್ಪ ಕಾಯಲಿ ಅಂತ.

ಎಡಿಸನ್ ಅಕ್ಕ
ವಿಷಯ ಎಲ್ಲೋ ಹೋಯಿತು, ಆದರೂ ಚಿನ್ನದ ಮಾತು ಬಂದದ್ದಕ್ಕೆ ಇದನ್ನು ಹೇಳಲೇಬೇಕು. ಮನೆ ಇನ್ಶೂರೆನ್ಸ್ ಇದೆ ಅಂತ ನೆಮ್ಮದಿಯಾಗಿ ಇರಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಒಡವೆ ಕಳವಿಗೆ ಮಿತಿ ಬಹಳ ಕಡೆ 1,500 ಡಾಲರ್ ಮಾತ್ರ. ಈಗಿನ ರೇಟಿಗೆ ಒಂದು ಜೊತೆ ಜುಮಕಿಗೂ ಸಾಲದು. ಒಡವೆಗೆ ಬೇರೆ ಕವರ್ ತೆಗೆದುಕೊಳ್ಳಬೇಕು, ಅದಕ್ಕೆ ಬೆಲೆ ಕಟ್ಟಿಸಿದ ಪತ್ರ ಬೇಕು. ಬ್ಯಾಂಕ್ ಲಾಕರ್‌ನಲ್ಲಿ ಇಟ್ಟದ್ದಕ್ಕೂ ಸರ್ಕಾರದ ಠೇವಣಿ ವಿಮೆ ಇಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ ಆಗಬಾರದು.

ಮರಳುಗಾಡಿನ ಮಂಡ್ಯದವ
ಅಕ್ಕ, ಪಕ್ಕದ ಬೀದಿಯವರಿಗೆ ಹೇಳಿದೆ. ಅವರ ಪಾಲಿಸಿಯಲ್ಲೂ ಅಷ್ಟೇ ಅಂತೆ. ಅಜ್ಜಿಯ ಅಡ್ಡಿಕೆಗೆ ರಸೀದಿ ಎಲ್ಲಿಂದ ತರುವುದು ಅಂತ ಕೇಳುತ್ತಿದ್ದಾರೆ.

ಎಡಿಸನ್ ಅಕ್ಕ
ಮದುವೆ ಆಲ್ಬಮ್ ಫೋಟೋ! ಕತ್ತಿನಲ್ಲಿ ಕಾಣುವ ಫೋಟೋ ಇದ್ದರೆ ಅದನ್ನು ಜೋಡಿಸಿ ಕೊಡಲಿ. ಪೂರ್ತಿ ಸಿಗದಿದ್ದರೂ ಪುರಾವೆ ಆಗುತ್ತದೆ.

ಶಿವಮೊಗ್ಗ ಸ್ಟ್ಯಾಟ್ಸ್
ಒಂದು ಸಣ್ಣ ವಿಷಯ ಎಲ್ಲರಿಗೂ: 18 ದಾಟಿದವರು ಗ್ರೀನ್ ಕಾರ್ಡ್ ಆಗಲಿ, ದೇಶದೊಳಗೆ ಬಂದ ದಾಖಲೆಯಾದ ಐ-94 ಆಗಲಿ, ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಕಾನೂನು ಹಳೆಯದೇ. 2025ರ ಏಪ್ರಿಲ್‌ನಿಂದ ಬಿಗಿ ಮಾಡಿದ್ದಾರೆ.

ಹುಬ್ಬಳ್ಳಿ ಹೈದ
ಮುಂಜಾನೆ ವಾಕಿಂಗ್‌ಗೂ?

ಶಿವಮೊಗ್ಗ ಸ್ಟ್ಯಾಟ್ಸ್
ವಾಕಿಂಗ್‌ಗೂ.

ಮಿಡ್‌ವೆಸ್ಟ್ ಮೈಸೂರು
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ನಮ್ಮ ಕಡೆ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗೆ ನೆರವಾಗುವ ಫೋನ್ ಲೈನ್‌ನಲ್ಲಿ ವಾರಕ್ಕೊಮ್ಮೆ ಕೂರುತ್ತೇನೆ. ದೂರು ಕೊಡದಿರುವುದು ಮೆಕ್ಸಿಕೋದವರ ಸಮಸ್ಯೆ ಅಂತ ನೀವೆಲ್ಲ ಮಾತಾಡುತ್ತಿದ್ದೀರಿ. ಅಲ್ಲ.

ಗಂಡ ಎಚ್1ಬಿ, ಹೆಂಡತಿ ಅವನ ವೀಸಾಕ್ಕೆ ಅಂಟಿಕೊಂಡ ಎಚ್4. ಪಾಸ್‌ಪೋರ್ಟ್ ಅವನ ಬೀರುವಿನಲ್ಲಿ. ಹೊಡೆಯುತ್ತಾನೆ. 911 ಮಾಡಿದರೆ ಐಸ್‌ನವರು ಬಂದು ನಿನ್ನನ್ನೇ ಒಯ್ಯುತ್ತಾರೆ, ಮಗು ನನ್ನ ಹತ್ತಿರ ಉಳಿಯುತ್ತದೆ ಅಂತ ಹೆದರಿಸುತ್ತಾನೆ. ಮೊದಲು ಈ ಮಾತು ಬರೀ ಬೆದರಿಕೆ, ನಾವು ಧೈರ್ಯ ಹೇಳಿದರೆ ನಂಬುತ್ತಿದ್ದರು. ಈಗ ಟಿವಿ ತೋರಿಸಿ ಹೇಳುತ್ತಾನೆ. ಒಬ್ಬಾಕೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಮಾತಿನಲ್ಲಿ ಮಾತಾಡಿದಳು. ವೀಸಾ ಪೂರ್ತಿ ಕ್ರಮಬದ್ಧ ಇದ್ದವಳು. ಪೊಲೀಸ್ ಮಾತ್ರ ಬೇಡ ಅಕ್ಕ ಅಂತ ಒಂದೇ ಹಠ.

ಯಾವುದು ಮೊದಲು ಅಂತ ಕೇಳಿದಿರಲ್ಲ ಮಂಡ್ಯದವರೇ, ಸಹಾಯಕ್ಕೆ ಕರೆದವರನ್ನು ಕಾಗದ ಕೇಳುವುದಿಲ್ಲ ಅನ್ನುವುದೇ ಮೊದಲು. ಇದು ನನ್ನ ಹೊಸ ಆದರ್ಶ ಏನಲ್ಲ. 2000ದಲ್ಲಿ ಅಮೆರಿಕದ ಸಂಸತ್ತೇ ಯು ವೀಸಾ ಅಂತ ಮಾಡಿತು. ಅಪರಾಧದಿಂದ ನೊಂದು, ಪೊಲೀಸರಿಗೆ ಸಹಕರಿಸಿದವರಿಗೆ ಕೊಡುವುದು. ವರ್ಷಕ್ಕೆ 10,000 ಮಿತಿ. ಕಾಯುವ ಸಾಲು ವರ್ಷಗಟ್ಟಲೆ. ಆದರೂ ದಾರಿ ಇದೆ.

ಡಲ್ಲಾಸ್ ದೊಡ್ಡಪ್ಪ
ತಾಯಿ, ಇದರಲ್ಲಿ ನಿಮ್ಮ ಜೊತೆ ನನ್ನ ವಾದ ಇಲ್ಲ. ಎಚ್4ನಲ್ಲಿ ಇರುವವಳು ಗಂಡನನ್ನು ಬಿಟ್ಟರೆ ಹೊಟ್ಟೆಪಾಡು? ಅವಳಿಗೆ ಕೆಲಸ ಮಾಡಲು ಬಿಡುತ್ತಾರಾ? ನಮ್ಮ ಪರಿಚಯದ ಒಂದು ಮನೆಯಲ್ಲಿ ಇಂಥದ್ದೇ ಇದೆ, ಅದಕ್ಕೆ ಕೇಳುತ್ತಿದ್ದೇನೆ.

ಮಿಡ್‌ವೆಸ್ಟ್ ಮೈಸೂರು
ಬಿಡುತ್ತಾರೆ ಸರ್. ಹಿಂಸೆಗೆ ಸಿಕ್ಕ ಎಚ್4 ಹೆಂಡತಿಗೆ ಬೇರೆಯದೇ ಕೆಲಸದ ಪರವಾನಗಿ ಇದೆ. ಐ-765ವಿ ಅಂತ ಫಾರ್ಮು. ಗಂಡನ ಸಹಿ ಬೇಡ, ಅವನಿಗೆ ತಿಳಿಸುವುದೂ ಇಲ್ಲ. ಆಕೆಯ ವಿಳಾಸ ಹಾಕಬೇಡಿ, ಕಾಗದ ಮನೆಗೆ ಬಂದುಬಿಡುತ್ತದೆ. ಬೇರೆ ಸುರಕ್ಷಿತ ವಿಳಾಸ ಹಾಕಲು ಜಾಗ ಇದೆ. ವಕೀಲರನ್ನು ಕೇಳದೆ ಏನೂ ಕಳಿಸಬೇಡಿ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ, ಡಲ್ಲಾಸ್ ಕಡೆ ಉಚಿತವಾಗಿ ನೋಡುವವರನ್ನು ಹುಡುಕೋಣ.

ಡಲ್ಲಾಸ್ ದೊಡ್ಡಪ್ಪ
ಮಾಡಿದೆ. ನೋಡಿ.